ಕೆಮ್ಮಿ ಬರುವವರು

ಪರದೆ ಬದಲಾಗಿತ್ತು. ಜಮೀಲುನ್ನೀಸಾ ಮದುವೆಯಾಗಿ ಬಂದ ವರ್ಷದಿಂದ ನಡುಮನೆಗೂ ಹಜಾರಕ್ಕೂ ನಡುವೆ ತೂಗುತ್ತಿದ್ದ ಹಸಿರು ಪರದೆಯನ್ನು ಜಿಯಾಉದ್ದೀನ್ ಸಾಹೇಬರು ಬೆಳಗಿನ ನಮಾಜು ಮುಗಿಸಿ ಬಂದವರೇ ಸ್ಟೂಲು ಹತ್ತಿ ತಾವೇ ಇಳಿಸಿದರು. ಅದರ ಜಾಗಕ್ಕೆ, ಒಳಗಡೆ ಇನ್ನೊಂದು ಪದರ ಕೊಟ್ಟು ಹೊಲಿಸಿದ ಕಂದು ಪರದೆ ಬಂತು. ಇಳಿಸಿದ್ದನ್ನು ಮಡಚುವಾಗ ಅವರ ಹೆಬ್ಬೆರಳು ಒಂದು ಕಡೆ ನಿಂತಿತು: ಎಡ ಅಂಚಿನಿಂದ ಗೇಣು ಒಳಗೆ, ಮಣೆಯ ಮೇಲೆ ಕೂತ ಹೆಂಗಸಿನ ಕಣ್ಣಿನ ಎತ್ತರಕ್ಕೆ, ನೂಲು ಸವೆದು ಜರಡಿಯಂತಾದ ಜಾಗ. ಹರಿದದ್ದಲ್ಲ, ಹರಿದಿದ್ದರೆ ಹೊಲಿಯಬಹುದಿತ್ತು. ವರ್ಷಗಟ್ಟಲೆ ಒಂದೇ ಕಡೆ ಬೆರಳಿಟ್ಟು ಎಳೆ ಸರಿಸಿದ್ದರಿಂದ ಆದದ್ದು. ಸಾಹೇಬರು ಹೆಬ್ಬೆರಳನ್ನು ಅಲ್ಲಿಂದ ತೆಗೆದು, 'ಇವತ್ತಿಗೆ ಇದು ಬೇಡ' ಎಂದಷ್ಟೇ ಹೇಳಿ ಪರದೆಯನ್ನು ಅವಳ ಕೈಗೆ ಕೊಟ್ಟು ಪಕ್ಕದ ಕಾಫಿ ಮಂಡಿಯ ಕಡೆ ನಡೆದರು.

ಅವರಿಗೆ ಗೊತ್ತಿತ್ತು. ಯಾವತ್ತಿನಿಂದ ಗೊತ್ತಿತ್ತು ಎಂದು ಅವಳು ಅಡಿಗೆಮನೆಯಲ್ಲಿ ರಾಗಿ ಹಿಟ್ಟು ಕಲೆಸುತ್ತ ಹಿಂದಕ್ಕೆ ಹೋದಳು. ಹಜಾರದಲ್ಲಿ ವ್ಯಾಪಾರಕ್ಕೆ ಕೂತಾಗ ಅವರು ಯಾವಾಗಲೂ ಬಲಗೋಡೆಗೆ ಒರಗುತ್ತಿದ್ದರು. ಬಂದವರು ಎದುರಿಗೆ, ಅಂದರೆ ಆ ಸವೆದ ಜಾಗದಿಂದ ಪೂರ್ತಿ ಕಾಣುವ ಕಡೆ ಕೂರುತ್ತಿದ್ದರು. ಅದು ತನ್ನ ಅದೃಷ್ಟವೆಂದು ಅವಳು ಎಣಿಸಿದ್ದಳು. ಈಗ ಅದು ಅವರ ಏರ್ಪಾಡಾಗಿರಬಹುದು ಎನಿಸಿದಾಗ, ಕದ್ದು ನೋಡಿದೆನೆಂದುಕೊಂಡಿದ್ದ ಹಜಾರವೆಲ್ಲ ಅವರು ತೋರಿಸಿದ ಹಜಾರವಾಯಿತು. ದನಿ ಏರಿಸಿ ಬೈಸಿಕೊಂಡವರು, ತೂಕಕ್ಕೆ ಜಗಳವಾಡಿದವರು, ಒಬ್ಬ ಮುದುಕ ಯಾರೂ ನೋಡಲಿಲ್ಲವೆಂದು ಬೊಗಸೆ ಸಕ್ಕರೆ ಬಾಯಿಗೆ ಹಾಕಿಕೊಂಡದ್ದು, ಎಲ್ಲವೂ. ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಹಿಟ್ಟು ನೀರಾಗಿತ್ತು, ಇನ್ನೊಂದು ಹಿಡಿ ಹಾಕಿದಳು.

ಮಧ್ಯಾಹ್ನಕ್ಕೆ ಕೋರ್ಟು ಮನೆಗೇ ಬರುವುದಿತ್ತು. ಗೋಷಾ ಹೆಂಗಸು ಕಚೇರಿ ಮೆಟ್ಟಿಲು ಹತ್ತುವ ಪದ್ಧತಿ ಇಲ್ಲ, ಪೊಲೀಸರ ಮುಂದೆ ಅವಳು ಹೇಳಿದ್ದು ಬರಹದಲ್ಲಿದೆ, ಅದನ್ನೇ ಓದಿಕೊಂಡು ಮುಗಿಸಿಬಿಡಿ ಎಂದು ಸಾಹೇಬರು ಮ್ಯಾಜಿಸ್ಟ್ರೇಟರಿಗೆ ಹೇಳಿ ನೋಡಿದ್ದರು. ಬಯಲುಸೀಮೆ ಕಡೆಯಿಂದ ಹೊಸದಾಗಿ ವರ್ಗವಾಗಿ ಮೂಡಿಗೆರೆಗೆ ಬಂದಿದ್ದ ಮ್ಯಾಜಿಸ್ಟ್ರೇಟರು ನಶ್ಯದ ಡಬ್ಬಿ ಮುಚ್ಚುತ್ತ, 'ಕಾಗದಾನ ಯಾರೂ ಪ್ರಶ್ನೆ ಕೇಳೋಕಾಗಲ್ಲ ಸಾಹೇಬ್ರೆ. ಯಾರ ಮಾತಿಂದ ಆ ಮನುಷ್ಯ ಜೈಲಿಗೆ ಹೋಗ್ತಾನೋ ಅವರನ್ನ ಅವನು ಕೇಳಬೇಕು. ಅವರು ಬರೋ ಹಾಗಿಲ್ಲ ಅಂದ್ರೆ ನಾವೇ ಬರೋಣ' ಎಂದರಂತೆ. ಊಟಕ್ಕೆ ಕೂತಾಗ ಸಾಹೇಬರು ಇದನ್ನು ಹೇಳಿದ ರೀತಿಯಲ್ಲಿ ಮರ್ಯಾದೆ ಸಿಕ್ಕಿದ ಹೆಮ್ಮೆಯೂ ಕಪಾಳಕ್ಕೆ ಬಿದ್ದ ಉರಿಯೂ ಇದ್ದವು. ಕೊನೆಗೆ ಕೈ ತೊಳೆಯುತ್ತ, 'ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಒಂದು ಮಾತಿಗೆ ಎರಡು ಮಾತು ಬೇಡ' ಎಂದರು.

ಅವಳು ಪೊಲೀಸರ ಮುಂದೆ ಹೇಳಿದ್ದೇನು? ಇದನ್ನು ಎಷ್ಟೋ ಸಲ ಕೇಳಿಕೊಂಡಿದ್ದಳು. ಯೂರೋಪಿನಲ್ಲಿ ಯುದ್ಧ ಶುರುವಾಗಿ ಹಡಗುಗಳಿಗೆ ಕಾಫಿ ಏರುವುದು ನಿಂತಿದ್ದರಿಂದ ಹಿತ್ತಲ ಶೆಡ್ಡಿನಲ್ಲಿ ಹೋದ ವರ್ಷದ ಚೀಲಗಳ ಮೇಲೆ ಈ ವರ್ಷದವು ಕೂತು ಮಾಡು ಮುಟ್ಟಿದ್ದವು. ಶೆಡ್ಡಿಗೆ ಬೆಂಕಿ ಬಿದ್ದ ದಿನ ಮೊದಲು ಬಂದದ್ದು ಒಳ್ಳೆಯ ವಾಸನೆ. ಯಾರೋ ಹದವಾಗಿ ಕಾಫಿ ಹುರಿಯುತ್ತಿದ್ದಾರೆಂದು ಬೀದಿಯವರೆಲ್ಲ ಮೂಗರಳಿಸಿದರಂತೆ. ಪಕ್ಕದ ಹೋಟೆಲಿನವನು 'ಇವತ್ತು ಸಾಹೇಬ್ರ ಮನೇಲಿ ಏನು ವಿಶೇಷ' ಎಂದು ಕೂಗಿ ಕೇಳಿದನಂತೆ. ಆ ವಾಸನೆ ಒಂದು ಗಳಿಗೆ ಹಾಗೇ ನಿಂತಿತ್ತು. ಆಮೇಲೆ ಯಾವ ಕ್ಷಣದಲ್ಲೆಂದು ಹೇಳಲಾಗದಂತೆ ಅದು ಕಹಿಗೆ ತಿರುಗಿತು, ಕಣ್ಣು ಉರಿಯಿತು, ಯಾರೋ ಕೂಗಿದರು. ಬಾವಿಯ ಕಟ್ಟೆಯ ಹತ್ತಿರ ತಲೆ ಒಣಗಿಸಿಕೊಳ್ಳುತ್ತಿದ್ದ ಅವಳು ಒದ್ದೆ ಕೂದಲಲ್ಲೇ ಒಳಗೆ ಓಡಿದ್ದಳು. ಸಂಜೆಗೆ ಶೆಡ್ಡಿನ ಒಂದು ಗೋಡೆ, ಬೂದಿ, ಒದ್ದೆ ಇದ್ದಿಲಿನಂಥ ಕಾಫಿಯ ಗುಡ್ಡೆ ಉಳಿದಿತ್ತು. ದಫೇದಾರ ಹಜಾರದಲ್ಲಿ ಕೂತು ಬರೆದುಕೊಳ್ಳುತ್ತಿದ್ದ. ಸಾಹೇಬರು ಪರದೆಯ ಹತ್ತಿರ ಬಂದು ಕೇಳಿದರು: 'ಬೆಂಕಿಗೆ ಮುಂಚೆ ಓಣಿಯಿಂದ ಯಾರೋ ಬಂದರಲ್ಲ, ಕೇಳಿಸಿತ?' 'ಹೂಂ. ಗೇಟು ತೆರೀತು.' 'ನಿನ್ನೆ ಶೇಷಪ್ಪ ಅಂದು ಹೋದದ್ದು ನೀನೂ ಕೇಳಿದೀಯ.' 'ಹೂಂ.' 'ಮತ್ತೆ ಬಂದದ್ದು ಅವನೇ.' ಅವಳು ಉತ್ತರ ಕೊಡಲಿಲ್ಲ. ಹೊರಗೆ ಪೆನ್ನಿನ ಸದ್ದು ಮಾತ್ರ ನಿಲ್ಲಲಿಲ್ಲ. ಅವಳು ಸುಮ್ಮನಿದ್ದ ಆ ಜಾಗದಲ್ಲಿ ದಫೇದಾರ ಏನು ಬರೆದನೆಂದು ತಿಳಿದದ್ದು ಶೇಷಪ್ಪನನ್ನು ಹಿಡಿದುಕೊಂಡು ಹೋದಮೇಲೆ.

ಶೇಷಪ್ಪ ಅಂದದ್ದು ನಿಜ. ಬಾಳೂರಿನ ಇಳಿಜಾರಿನಲ್ಲಿ ಅವನದೊಂದು ಸಣ್ಣ ತೋಟ. ಅವನು ತಂದ ಒಣ ಕಾಫಿಯನ್ನು ಸಾಹೇಬರು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಕುಲುಕಿ, ಗಲಗಲ ಅನ್ನುತ್ತಿಲ್ಲ, ಇನ್ನೂ ಹಸಿ, ವಾಪಸು ತಗೊಂಡು ಹೋಗು ಎಂದಿದ್ದರು. ಬೆಟ್ಟದ ದಾರಿಯಲ್ಲಿ ಗಾಡಿ ಹೊಡೆದುಕೊಂಡು ಬಂದವನಿಗೆ ರೇಗಿತು. 'ನಿಮ್ಮ ಮಂಡಿಗೆ ಬೆಂಕಿ ಬೀಳ' ಎಂದ. ಅಂಥದನ್ನು ಈ ಬೀದಿಯಲ್ಲಿ ದಿನಕ್ಕೆ ಎಷ್ಟು ಜನ ಎಷ್ಟು ಜನಕ್ಕೆ ಅನ್ನುವುದಿಲ್ಲ. ಅಂದು ಸ್ವಲ್ಪ ಹೊತ್ತಿಗೇ ಅವನು ಪರದೆಯ ಕಡೆ ತಿರುಗಿ, 'ಅಮ್ಮಾವ್ರೆ, ಉಪ್ಪಲ್ಲಿಟ್ಟ ಕಳಲೆ ತಂದಿದ್ದೆ, ಬಾವಿ ಕಟ್ಟೆ ಮೇಲಿಟ್ಟಿದ್ದೀನಿ. ಜಗಳ ಸಾಹೇಬ್ರ ಹತ್ರ, ಕಳಲೆ ಹತ್ರ ಅಲ್ಲ' ಎಂದದ್ದನ್ನು ದಫೇದಾರ ಬರೆದುಕೊಂಡಿರಲಿಲ್ಲ. ಯಾರೂ ಅವನಿಗೆ ಹೇಳಿರಲೂ ಇಲ್ಲ. ಆ ಕಳಲೆಯನ್ನು ಅವಳು ನೀರಿಗೆ ಹಾಕಿಟ್ಟಿದ್ದಳು. ಬೆಂಕಿಯ ಗಲಾಟೆ ಮುಗಿದ ಮಾರನೆಯ ದಿನ ಅದರ ಪಲ್ಯವಾಯಿತು. ಎಲ್ಲರೂ ತಿಂದರು.

'ಭಾಭಿ, ಚಹಾ ಇದೆಯ?' ಎಂದು ಕೇಳುತ್ತ ಈಗ ಅಬ್ದುಲ್ಲಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ. ಸಾಹೇಬರ ತಮ್ಮ. ಅವಳು ಈ ಮನೆಗೆ ಬಂದಾಗ ಹೊಸ್ತಿಲ ಮೇಲೆ ಕೂತು ಮೂಗು ಸುರಿಸುತ್ತಿದ್ದ ತಾಯಿಯಿಲ್ಲದ ಕೂಸು; ಈಗ ಬಾಗಿಲಿಗೆ ತಲೆ ತಗ್ಗಿಸಬೇಕು. ಬೆಂಕಿಯ ಮಾರನೆಯ ದಿನವೇ ಅಣ್ಣ ಅವನನ್ನು ಚಿಕ್ಕಮಗಳೂರಿಗೆ, ಕಾಫಿ ಹದ ಮಾಡುವ ಕಾರ್ಖಾನೆಯ ಕೆಲಸವೆಂದು ಕಳಿಸಿದ್ದರು. ನಿನ್ನೆ ಸಂಜೆಯ ಬಸ್ಸಿಗೆ ಬಂದಿದ್ದ. ಬಾಯಿಂದ ಏಲಕ್ಕಿ ವಾಸನೆ ಬರುತ್ತಿತ್ತು. ಮೊದಮೊದಲು ಅದು ಹುಡುಗಾಟದ ಷೋಕಿಯೆಂದು ನಕ್ಕಿದ್ದಳು, ಆಮೇಲೆ ಅಂಗಿ ಒಗೆಯುವಾಗ ಏಲಕ್ಕಿಯ ಕೆಳಗಿನ ಬೀಡಿಯ ವಾಸನೆ ಸಿಕ್ಕಿತ್ತು. ಅಣ್ಣನಿಗೆ ಹೇಳಿರಲಿಲ್ಲ. ಅಣ್ಣನ ಎದುರು ಗಟ್ಟಿಯಾಗಿ ನಗದ ಹುಡುಗ ಬೀಡಿಗೆ ಎಲ್ಲಿ ಹೋಗುತ್ತಾನೆಂದು ಅವಳು ಕೇಳಿರಲೂ ಇಲ್ಲ. ಅವನು ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, 'ಶೇಷಪ್ಪನಿಗೆ ಎಷ್ಟು ವರ್ಷ ಕೊಡ್ತಾರಂತೆ ಭಾಭಿ?' ಎಂದ. 'ನನಗೇನು ಗೊತ್ತು.' 'ಬಸ್ಸಲ್ಲಿ ಯಾರೋ ಅಂದ್ರು, ಎರಡು ಮೂರು ವರ್ಷ ಅಂತ. ಅವನ ಹೆಂಡತಿ ತಿಮ್ಮಮ್ಮ ಒಬ್ಬಳೇ ತೋಟ ನೋಡ್ಕೊಳ್ತಾ ಇದಾಳಂತೆ.' ಅವಳು ಒಲೆಯ ಸೌದೆ ಹಿಂದಕ್ಕೆಳೆದಳು. 'ಭಾಭಿ, ನಾನು' ಎಂದು ಅವನು ಶುರುಮಾಡಿದ. 'ಆರುತ್ತೆ, ಕುಡಿ' ಎಂದಳು. ಅವನು ಕುಡಿದ. ಅವನು ಹೇಳಿಬಿಟ್ಟಿದ್ದರೆ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಇಲ್ಲಿಯತನಕ ಅವಳಿಗೆ ಏನೂ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಎನ್ನುವುದನ್ನು ಅವಳು ಎಷ್ಟು ಜಾಗ್ರತೆಯಿಂದ ಕಾಪಾಡಿಕೊಂಡಿದ್ದಳೆಂದರೆ, ಆ ಮಧ್ಯಾಹ್ನವನ್ನು ನೆನೆಸಿಕೊಳ್ಳುವಾಗ ಗೇಟಿನ ಹತ್ತಿರ ಬಂದಾಗ ಪಕ್ಕಕ್ಕೆ ಸರಿದು ಹೋಗುತ್ತಿದ್ದಳು. ಚೀಲ ಹೊತ್ತವರು, ಗಾಡಿಯವರು ಓಣಿಯ ಮರದ ಗೇಟಿನಿಂದಲೇ ಹಿತ್ತಲಿಗೆ ಬರಬೇಕು. ಹಿತ್ತಲಲ್ಲಿ ಬಾವಿ ಇದೆ, ಬಾವಿಯ ಹತ್ತಿರ ಹೆಂಗಸರು ಇರುತ್ತಾರೆ. ಆದ್ದರಿಂದ ಗೇಟಿಗೆ ಕೈ ಹಾಕುವ ಮೊದಲು ಗಂಡಸಾದವನು ಕೆಮ್ಮಬೇಕು, ಹೆಂಗಸರು ಒಳಗೆ ಸರಿಯುವಷ್ಟು ಹೊತ್ತು ನಿಲ್ಲಬೇಕು. ಕಳಸದ ಕಡೆಯ ಗೌಡರೂ ಕೆಮ್ಮುತ್ತಿದ್ದರು, ಅವರ ಗಾಡಿ ಹೊಡೆಯುವವನೂ ಕೆಮ್ಮುತ್ತಿದ್ದ. ಹದಿನೇಳು ವರ್ಷದಲ್ಲಿ ಅವಳು ಮುಖಗಳಿಗಿಂತ ಮೊದಲು ಕೆಮ್ಮುಗಳನ್ನು ಕಲಿತಿದ್ದಳು. ಮೇಸ್ತ್ರಿ ತಮ್ಮಯ್ಯನದು ಹೊಗೆಸೊಪ್ಪಿನ ನಿಜವಾದ ಕೆಮ್ಮು, ಶುರುವಾದರೆ ಮುಗಿಯುವುದಿಲ್ಲ. ಕೆಲವರದು ಅಧಿಕಾರದ್ದು. ಶೇಷಪ್ಪನದು ಕೆಮ್ಮಿದ್ದಕ್ಕೂ ಕ್ಷಮೆ ಕೇಳುವಂಥದು, ಗಂಟಲಲ್ಲೇ ಅರ್ಧ ಉಳಿಯುವಂಥದು. ಅದು ಕೇಳಿಸಿದರೆ ಅವಳ ಬಲಗೈ ಇದ್ದ ಕೆಲಸ ಬಿಟ್ಟು ತಾನಾಗಿ ಸೆರಗಿಗೆ ಹೋಗುತ್ತಿತ್ತು. ಒಮ್ಮೆ ಹೀಗೆ ಗೇಟಿನಾಚೆ ಕೆಮ್ಮಿ, ಒಳಗೆ ಬಾರದೆ, 'ಅಮ್ಮಾವ್ರೆ, ನಂಗೆ ಚಳಿಜ್ವರ' ಎಂದಿದ್ದ. ಸರ್ಕಾರಿ ಆಸ್ಪತ್ರೆಯಿಂದ ತರಿಸಿಟ್ಟಿದ್ದ ಕ್ವಿನೈನನ್ನು ಅವಳು ಗೋಡೆಯ ಮೇಲಿಟ್ಟು ಹಿಂದೆ ಸರಿದಿದ್ದಳು. ಅವನು ಅವಳ ಮುಖವನ್ನು ಇವತ್ತಿನವರೆಗೂ ನೋಡಿಲ್ಲ.

ಆ ದಿನ ಕೆಮ್ಮು ಕೇಳಿಸಿತೆ? ಕೆಲವು ದಿನ ಕೇಳಿಸಿತ್ತು. ಗಾಳಿಗೆ ಆಡುವ ರಾಟೆಯ ಕಿರ್ರೆಂಬ ಸದ್ದಿನ ಕೆಳಗೆ ಏನೋ ಇದ್ದಿರಬಹುದು ಎಂದು ಮೊದಲ ವಾರ ಅನ್ನಿಸಿತ್ತು. ಎರಡನೆಯ ವಾರ ಆ ಏನೋ ಒಂದು ಕೆಮ್ಮಿನ ಆಕಾರ ತಾಳಿತ್ತು. ಆದರೆ ಯಾರ ಕೆಮ್ಮೆಂದು ಹತ್ತಿರ ಹೋದರೆ ಅದು ಕರಗುತ್ತಿತ್ತು, ಮತ್ತು ಅದು ಕರಗಿದ ಜಾಗದಲ್ಲಿ ಅವಳ ಕೈ ಕಾಣುತ್ತಿತ್ತು. ಬಿಚ್ಚಿದ ಕೂದಲಲ್ಲಿ ಬಾಚಣಿಗೆ ಹಿಡಿದ ಕೈ. ಗೇಟು ತೆರೆದಿತ್ತು, ಬೆನ್ನ ಹಿಂದೆ ಚಪ್ಪಲಿ ಎಳೆದ ಸದ್ದು ಶೆಡ್ಡಿನ ಕಡೆ ಹೋಗಿತ್ತು, ಬಾಚಣಿಗೆ ಮಾತ್ರ ಮೇಲಿಂದ ಕೆಳಕ್ಕೆ ಇಳಿಯುತ್ತಲೇ ಇತ್ತು.

ಹಜಾರದಲ್ಲಿ ಕುರ್ಚಿಗಳು ಸರಿದವು. ಕೋರ್ಟಿನವರೆಲ್ಲ ಬಂದರು, ಶೇಷಪ್ಪನನ್ನೂ ಕರೆತಂದರು. ಕಂದು ಪರದೆಯಲ್ಲಿ ಬೆಳಕಿನ ಒಂದು ಚುಕ್ಕೆಯೂ ಇರಲಿಲ್ಲ. ಅವಳು ಹಳೆಯ ಹಸಿರು ಪರದೆಯನ್ನು ಮಡಚಿ ಮಣೆಯ ಮೇಲೆ ಹಾಸಿಕೊಂಡು ಅದರ ಮೇಲೆ ಕೂತಿದ್ದಳು. ಪಕ್ಕದಲ್ಲಿ ಆಸ್ಪತ್ರೆಯ ಆಯಾ ಜವರಮ್ಮ, ಎಲೆಯಡಿಕೆಯ ಬಾಯಿ. ಒಳಗೆ ಕೂತಿರುವುದು ಸಾಕ್ಷಿಯೇ ಹೌದು, ಅವಳಿಗೆ ಯಾರೂ ಮಾತು ಹೇಳಿಕೊಡುತ್ತಿಲ್ಲ ಎಂದು ನೋಡಿಕೊಳ್ಳಲು ಕೋರ್ಟು ಕಳಿಸಿದ ಹೆಂಗಸು. 'ಹೇಳ್ಕೊಡೋರು ಯಾರೂ ಇರ್ಬಾರ್ದು ಅಂತ ನನ್ನ ಕೂರ್ಸವ್ರೆ' ಎಂದು ಜವರಮ್ಮ ಪಿಸುಗುಟ್ಟಿದಳು. 'ನಾನೇ ಹೇಳ್ಕೊಟ್ರೆ ಏನ್ಮಾಡ್ತಾರೆ ಅಂತ ಕೇಳನ ಅನ್ಕಂಡೆ. ಬ್ಯಾಡ ಅಂತ ಸುಮ್ನಾದೆ.'

'ಒಳಗಿರೋದು ಜಮೀಲುನ್ನೀಸಾ ಬೇಗಂ ಅವರೇನಾ? ನಿನಗೆ ಅವರ ಗುರುತು ಇದೆಯಾ?' ಇದು ಮ್ಯಾಜಿಸ್ಟ್ರೇಟರ ದನಿ, ನಶ್ಯದಿಂದ ಸ್ವಲ್ಪ ಕಟ್ಟಿದ್ದು.

'ಇವ್ರ ಎರಡು ಹೆರಿಗೇಗೂ ನಾನೇ ಬಂದಿದ್ದೆ ಸ್ವಾಮಿ. ಮುಖಕ್ಕಿಂತ ಚೆನ್ನಾಗಿ ಗುರುತದೆ.'

ಹಜಾರ ನಕ್ಕಿತು. ಬರೆದುಕೊಳ್ಳುವ ಗುಮಾಸ್ತನ ನಗು ಎಲ್ಲರಿಗಿಂತ ತಡವಾಗಿ ಮುಗಿಯಿತು. ಎರಡೂ ಕೂಸುಗಳು ಉಳಿಯಲಿಲ್ಲ ಎನ್ನುವುದು ಆ ನಗುವಿನವರಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದ ಜವರಮ್ಮ ತನ್ನ ಮಾತಿಗೆ ತಾನೇ ಬೆಚ್ಚಿ ಅವಳ ಮೊಣಕಾಲು ಮುಟ್ಟಿದಳು. ಎರಡನೆಯದನ್ನು ಒಯ್ದ ದಿನ ಆರು ವರ್ಷದ ಅಬ್ದುಲ್ಲಾ ಅವಳ ಹಾಸಿಗೆಯ ಕಾಲಬುಡದಲ್ಲಿ ಕೂತು, ತನ್ನ ಗೋಲಿಗಳನ್ನೆಲ್ಲ ಒಂದೊಂದಾಗಿ ಅವಳ ಮಡಿಲಿಗೆ ಹಾಕಿದ್ದ. ದೇವರ ಮೇಲೆ ಆಣೆಯಿಟ್ಟು ಸತ್ಯವನ್ನೇ ಹೇಳುತ್ತೀರಾ ಎಂದು ಗುಮಾಸ್ತ ಕೇಳಿದ. ಅವಳ ಮನೆಮಾತು ಉರ್ದು. ಕನ್ನಡವನ್ನು ಅವಳು ಯಾವ ಹೆಂಗಸಿನ ಬಾಯಿಂದಲೂ ಕಲಿತಿರಲಿಲ್ಲ. ಪೂರ್ತಿ ಈ ಬಾಗಿಲಿನಿಂದ, ತೂಕಕ್ಕೆ ಜಗಳವಾಡುವ ಗಂಡಸರಿಂದ ಕಲಿತದ್ದು. ಗಟ್ಟಿಯಾಗಿ ಆಡಿದ್ದು ಕಡಿಮೆ. ಬಾಯಿಗೆ ಬಂದದ್ದು ಹೊರಗೆ ಬಿತ್ತು:

'ಹೌದು ಮಾರಾಯ್ರೆ.'

ಹಜಾರ ಮತ್ತೆ ನಕ್ಕಿತು, ಈ ಸಲ ಬಾಯಿ ಮುಚ್ಚಿಕೊಂಡು. ಸಾಹೇಬರ ಗಂಟಲಿನ ಸದ್ದು ಮಾತ್ರ ಆ ನಗುವಿನಲ್ಲಿ ಇರಲಿಲ್ಲ. ದಫೇದಾರ ಕೇಳಿದ್ದಕ್ಕೆ ಉತ್ತರ ಕೊಡುತ್ತ ಹೋದಳು. ಬಾವಿಯ ಹತ್ತಿರ ಇದ್ದಿರಾ? ಇದ್ದೆ. ಗೇಟು ತೆರೆದದ್ದು ಕೇಳಿಸಿತೆ? ಕೇಳಿಸಿತು. ಆಮೇಲೆ ಶೆಡ್ಡಿನ ಕಡೆಯಿಂದ ಹೊಗೆ ಬಂತೆ? ಬಂತು. ಬಂದವನು ಈ ಶೇಷಪ್ಪನೇ ಎಂದು ನೀವು ಹೇಳಿಕೆ ಕೊಟ್ಟಿದ್ದೀರಿ. ಅದು ಪ್ರಶ್ನೆಯಾಗಿರಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಎಂದು ಸಾಹೇಬರು ಹೇಳಿದ್ದರು, ಅವಳು ಸುಮ್ಮನಿದ್ದಳು. ಪೆನ್ನು ಓಡಿತು. ಹೀಗೆಯೇ, ಎಂದುಕೊಂಡಳು. ಹೀಗೆಯೇ ಆದದ್ದು ಆವತ್ತೂ. ಹಿತ್ತಲಲ್ಲಿ ಯಾರೋ ನೀರು ಸೇದುತ್ತಿದ್ದರು. ಹಜಾರಕ್ಕೆ ಬಾರದೆ ಉಳಿದ ಅಬ್ದುಲ್ಲಾನೇ ಇರಬೇಕು. ಬಿಂದಿಗೆ ತುಂಬಿಯಾಗಿದ್ದರೂ ಸೇದುತ್ತಲೇ ಇದ್ದ.

'ಶೇಷಪ್ಪ, ನಿನಗೆ ವಕೀಲರಿಲ್ಲ. ನೀನೇ ಪಾಟೀ ಸವಾಲು ಮಾಡಬಹುದು.'

'ಹಂಗಂದ್ರೆ ಸ್ವಾಮಿ?'

'ಅವರು ಹೇಳಿದ್ದರಲ್ಲಿ ತಪ್ಪಿದೆ ಅಂತ ಅನ್ನಿಸಿದ್ರೆ ನೀನು ಅವರನ್ನ ಕೇಳಬಹುದು. ಅದು ನಿನ್ನ ಹಕ್ಕು.'

'ಅಮ್ಮಾವ್ರನ್ನ ನಾನು ಸವಾಲು ಮಾಡದಾ' ಎಂದ ಶೇಷಪ್ಪ. ಠಾಣೆಯ ತಿಂಗಳು ಅವನ ದನಿಯನ್ನು ತೆಳ್ಳಗೆ ಮಾಡಿತ್ತು. 'ಅವ್ರ ಉಪ್ಪು ತಿಂದಿದೀನಿ ಸ್ವಾಮಿ. ಕ್ವಿನೈನೂ ತಿಂದಿದೀನಿ.'

'ಕ್ವಿನೈನು ಸಾಕ್ಷ್ಯ ಅಲ್ಲಪ್ಪ. ಕೇಳೋದಿಲ್ಲ ಅಂದ್ರೆ ಇಲ್ಲ ಅಂತ ಬರೆಸ್ತೀನಿ.'

ಬರೆಸಲಿ, ಎಂದುಕೊಂಡಳು ಜಮೀಲುನ್ನೀಸಾ. ಬೆರಳು ಮಣೆಯ ಅಂಚಿನಲ್ಲಿ ಹಳೆಯ ಪರದೆಯ ಸವೆದ ಜಾಗವನ್ನು ಹುಡುಕುತ್ತಿತ್ತು. ಬರೆಸಿ ಎದ್ದು ಹೋಗಲಿ. ಎರಡು ವರ್ಷವೋ ಮೂರು ವರ್ಷವೋ, ಅದನ್ನು ಬೇರೆ ಯಾರೋ ಬೇರೆ ಊರಿನಲ್ಲಿ ಬೇರೆ ಕಾಗದದ ಮೇಲೆ ಬರೆಯುತ್ತಾರೆ. ತಿಮ್ಮಮ್ಮನಿಗೆ ಅಕ್ಕಿ ಕಳಿಸಬಹುದು.

'ಒಂದು ಇತ್ತು ಸ್ವಾಮಿ' ಎಂದ ಶೇಷಪ್ಪ. 'ಬೆಂಕಿ ವಿಷ್ಯ ಅಲ್ಲ.'

'ಬೆಂಕಿ ವಿಷಯ ಅಲ್ದೆ ಇನ್ನೇನು ಕೇಳ್ತೀಯೋ' ಎಂದ ದಫೇದಾರ. 'ಕಾಫಿ ರೇಟು ಕೇಳ್ತೀಯ?'

'ಕೇಳಲಿ ಬಿಡ್ರಿ' ಎಂದರು ಮ್ಯಾಜಿಸ್ಟ್ರೇಟರು.

ಪರದೆಯ ಕಡೆಗೆ ಹೆಜ್ಜೆ ಬಂದು ನಿಂತಿತು. ಆಮೇಲೆ ಶೇಷಪ್ಪ, ಮಾತಿಗೆ ಮೊದಲು, ಅಭ್ಯಾಸದಂತೆ ಕೆಮ್ಮಿದ. ಗಂಟಲಲ್ಲೇ ಅರ್ಧ ಉಳಿಯುವ ಕೆಮ್ಮು. ನೋಡುವವರು ಯಾರೂ ಇಲ್ಲದ ದಪ್ಪ ಪರದೆಯ ಹಿಂದೆ, ತಲೆಯ ಮೇಲೆ ಆಗಲೇ ಇದ್ದ ಸೆರಗನ್ನು ಜಮೀಲುನ್ನೀಸಾಳ ಬಲಗೈ ಹಣೆಯ ತನಕ ಎಳೆದುಬಿಟ್ಟಿತು. ಕೈ ಅಲ್ಲಿಯೇ ನಿಂತಿತು. ಜವರಮ್ಮ ಅವಳನ್ನೇ ನೋಡಿದಳು.

'ಅಮ್ಮಾವ್ರೆ, ನಾನು ಶೇಷಪ್ಪ. ನಾನು ಬಂದೆ ಅಂದ್ರಂತೆ. ಬಂದಿದ್ದೆ ಅಂತ್ಲೇ ಇಟ್ಕಳಿ. ನಾನು ಕೆಮ್ಮಿದ್ನಾ?'

ಯಾರಿಗೂ ಅರ್ಥವಾಗಲಿಲ್ಲ. ಏನಂದೆ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಶೇಷಪ್ಪ ಅವರ ಕಡೆ ತಿರುಗಿರಬೇಕು, ದನಿ ದೂರವಾಯಿತು. 'ನಮ್ಮಪ್ಪನ ಕಾಲದಿಂದ ಈ ಓಣಿಗೆ ಬತ್ತಿದೀನಿ ಸ್ವಾಮಿ. ಕೆಮ್ಮದೆ ಗೇಟು ಮುಟ್ಟಿದ್ದಿಲ್ಲ. ಜೈಲಿಗೆ ಹಾಕಿ, ಅದು ಬೇರೆ. ಬಾವಿ ಕಟ್ಟೇಲಿ ಹೆಂಗಸ್ರು ತಲೆ ಬಿಚ್ಕಂಡು ಕೂತಿರೋ ಹೊತ್ನಾಗೆ ಶೇಷಪ್ಪ ಕೆಮ್ಮದೆ ನುಗ್ದ ಅಂತ ಬಾಳೂರಲ್ಲಿ ಮಾತಾಗಬಾರ್ದು. ಅಷ್ಟೇ ನಂಗೆ ಬೇಕಾಗಿರದು.'

ಕೆಮ್ಮಿದ ಎಂದರೆ ಮುಗಿಯಿತು. ಆ ಮಾತು ಅವಳ ನಾಲಗೆಯ ಮೇಲೆ ಸಿದ್ಧವಾಗಿ ಕೂತಿತ್ತು, ಮತ್ತು ಅದರಲ್ಲಿ ಎಲ್ಲರಿಗೂ ಪಾಲಿತ್ತು. ಶೇಷಪ್ಪನಿಗೆ ಅವನು ಕೇಳಿದ ಮರ್ಯಾದೆ ಸಿಗುತ್ತದೆ. ಅವನು ಪರದೆಗೆ ಕೈಮುಗಿದು, ಒಂದು ಥರದ ಸಮಾಧಾನದಿಂದ, ಜೈಲಿಗೆ ಹೋಗುತ್ತಾನೆ. ಸಾಹೇಬರ ಮಾತು ಉಳಿಯುತ್ತದೆ. ಹಿತ್ತಲಲ್ಲಿ ನೀರು ಸೇದುತ್ತಿರುವವನು ಸಂಜೆಗೆ ಚಹಾ ಕೇಳುತ್ತಾನೆ. ಇಷ್ಟು ಸೌಜನ್ಯದ ಸುಳ್ಳನ್ನು ಅವಳಿಗೆ ಯಾರೂ ಯಾವತ್ತೂ ಇಷ್ಟು ಹತ್ತಿರ ತಂದು ಕೊಟ್ಟಿರಲಿಲ್ಲ, ಕೊಟ್ಟವನು ಶೇಷಪ್ಪನೇ. ಎರಡನೆಯ ವಾರದಿಂದ ಅವಳ ನೆನಪೂ ಅದಕ್ಕೆ ಬೇಕಾದ ಕೆಮ್ಮನ್ನು ತಯಾರು ಮಾಡಿಟ್ಟುಕೊಂಡಿತ್ತು. ಅವಳು ಬಾಯಿ ತೆರೆದಳು. ಕೈ ಇನ್ನೂ ಹಣೆಯ ಮೇಲೆ ಇತ್ತು. ಈಗ ತಾನೆ, ಅವಳನ್ನು ಕೇಳದೆ ಮೇಲೆದ್ದ ಕೈ. ಹದಿನೇಳು ವರ್ಷ ಒಂದೇ ಸಲವೂ ತಪ್ಪದೆ ಎದ್ದದ್ದು. ಆ ಮಧ್ಯಾಹ್ನ ಅದು ಬಾಚಣಿಗೆಯನ್ನು ಮೇಲಿಂದ ಕೆಳಕ್ಕೆ ಇಳಿಸುತ್ತಲೇ ಇತ್ತು.

'ಇಲ್ಲ' ಎಂದಳು. 'ಕೆಮ್ಮಲಿಲ್ಲ. ಯಾರೂ ಕೆಮ್ಮಲಿಲ್ಲ.'

'ಅಯ್ಯೋ ಅಮ್ಮಾವ್ರೆ' ಎಂದ ಶೇಷಪ್ಪ. ಹೊಡೆದರೆ ಬರುವ ದನಿ ಅದು. ಠಾಣೆಯಲ್ಲಿ ಅವನನ್ನು ಹೊಡೆದಿದ್ದರೆ ಹೀಗೆಯೇ ಅಂದಿರುತ್ತಾನೆ. ಅವನಿಗೆ ಅರ್ಥವಾಗಿರಲಿಲ್ಲ; ಅವಳು ತನ್ನ ಕೊನೆಯದನ್ನೂ ಕಿತ್ತುಕೊಂಡಳೆಂದು ತಿಳಿದು ಅವನು ನೆಲಕ್ಕೆ ಕೂತ ಸದ್ದಾಯಿತು. ಗುಮಾಸ್ತ ಬರೆದ. ಬರೆದು ಮುಗಿಸಿ ಮುಂದಿನ ಮಾತಿಗೆ ಕಾದ. ನಶ್ಯದ ಡಬ್ಬಿಯ ಮುಚ್ಚಳ ತೆರೆಯಿತು, ಮುಚ್ಚಲಿಲ್ಲ.

'ಕೋರ್ಟಿಂದ ಒಂದು ಪ್ರಶ್ನೆ' ಎಂದರು ಮ್ಯಾಜಿಸ್ಟ್ರೇಟರು, ನಿಧಾನವಾಗಿ, ಒಂದೊಂದೇ ಮೆಟ್ಟಿಲು ಇಳಿಯುವವರಂತೆ. 'ಈ ಮನೆಗೆ ಬರೋ ಗಂಡಸರೆಲ್ಲ ಗೇಟಲ್ಲಿ ಕೆಮ್ಮಿ ಬರ್ತಾರೆ. ಅದು ಪದ್ಧತಿ. ಸರಿಯೇ?'

'ಸರಿ.'

'ಎಲ್ಲರೂ?'

ಹಿತ್ತಲಲ್ಲಿ ರಾಟೆ ನಿಂತಿತು. ಹಜಾರದ ಬಲಗೋಡೆಯ ಹತ್ತಿರ, ಸಾಹೇಬರು ಯಾವಾಗಲೂ ಒರಗುವ ಜಾಗದಲ್ಲಿ, ಕುರ್ಚಿಯೊಂದು ಕಿರುಗುಟ್ಟಿತು. ಸುಮ್ಮನಿದ್ದರೆ ಸುಮ್ಮನಿದ್ದ ಜಾಗದಲ್ಲಿ ಯಾರಾದರೂ ಏನಾದರೂ ಬರೆಯುತ್ತಾರೆ. ಅದು ಅವಳಿಗೆ ಈಗ ಗೊತ್ತಿತ್ತು.

'ಹೊರಗಿನೋರು ಕೆಮ್ತಾರೆ' ಎಂದಳು. 'ನಾನು ಆವತ್ತು ಸೆರಗು ಎಳ್ಕೊಳ್ಳಲಿಲ್ಲ ಮಾರಾಯ್ರೆ. ತಿರುಗಿ ನೋಡ್ಲೂ ಇಲ್ಲ.'

ಈ ಸಲ ಯಾರೂ ನಗಲಿಲ್ಲ. 'ದಫೇದಾರರೇ, ಈ ಮನೆ ಗಂಡಸರು ಯಾರು ಯಾರು?' ಎಂದರು ಮ್ಯಾಜಿಸ್ಟ್ರೇಟರು. 'ಸಾಹೇಬ್ರು ಸ್ವಾಮಿ. ಅವ್ರು ಆ ಹೊತ್ತಿಗೆ ಮಂಡೀಲಿದ್ರು, ಗಿರಾಕಿಗಳೇ ಹೇಳಿದಾರೆ. ಮತ್ತೆ ಸಾಹೇಬ್ರ ತಮ್ಮ.' ಓಣಿಯ ಗೇಟು ತೆರೆದ ಸದ್ದು ಅವಳ ಬೆನ್ನ ಹಿಂದಿನಿಂದ ಬಂತು. ಹೋದನೋ ಎಂದುಕೊಂಡಳು, ಮತ್ತು ಹೋಗಲಿ ಎಂದು ಬಯಸಿದಳೋ ಬೇಡವೆಂದು ಬಯಸಿದಳೋ ತಿಳಿಯುವ ಮೊದಲೇ ಚಪ್ಪಲಿ ಎಳೆಯುವ ಹೆಜ್ಜೆ ಮನೆಯನ್ನು ಬಳಸಿ, ಮಂಡಿಯನ್ನು ದಾಟಿ, ಹಜಾರದ ಹೊಸ್ತಿಲಿಗೆ ಬಂದು ನಿಂತಿತು.

'ಬೀಡಿ' ಎಂದಿತು ಅಬ್ದುಲ್ಲಾನ ದನಿ. 'ಶೆಡ್ಡಲ್ಲಿ ಸೇದ್ತಿದ್ದೆ. ಅಣ್ಣನ ದನಿ ಕೇಳ್ಸಿತು, ಬರ್ತಾರೆ ಅಂತ ಚೀಲದ ಹಿಂದೆ ಬಿಸಾಕಿ ಹೋದೆ.' ಆಮೇಲೆ ಯಾರಿಗೆಂದು ತಿಳಿಯದಂತೆ, 'ಅವರು ಬರ್ಲೇ ಇಲ್ಲ' ಎಂದ.

ಆಮೇಲಿನದು ಕುರ್ಚಿಗಳ ಸದ್ದು, ಕಾಗದದ ಸದ್ದು, ವಾಯಿದೆಯ ತಾರೀಖು. ಅಬ್ದುಲ್ಲಾ ದಫೇದಾರನ ಜೊತೆಗೆ ಹೊರಟ. ಶೇಷಪ್ಪನನ್ನು ಇವತ್ತೇ ಬಿಡುವುದೋ ನಾಳೆಯೋ ಎಂದು ಮೆಟ್ಟಿಲ ಮೇಲೆ ಚರ್ಚೆಯಾಯಿತು. ಅವನು ಪರದೆಯ ಕಡೆ ಬಂದು ಏನಾದರೂ ಹೇಳಬಹುದೆಂದು ಅವಳು ಕಾದಳು, ಅವನು ಬರಲಿಲ್ಲ. ಜವರಮ್ಮ ಎದ್ದು ಸೊಂಟ ನೇರ ಮಾಡಿಕೊಂಡು, 'ಹೊಟ್ಟೆಗೆ ಏನಾದ್ರೂ ತಿನ್ನಿ ಅಮ್ಮಾ' ಎಂದಳು. ಅವಳು ಹಿತ್ತಲ ಬಾಗಿಲಿಂದ ಹೋದಮೇಲೆ ಮನೆಯೊಳಗೆ ಸುಟ್ಟ ಕಾಫಿಯ ವಾಸನೆ ಇನ್ನೂ ಇದೆಯೆಂದು ಜಮೀಲುನ್ನೀಸಾಳಿಗೆ ಗೊತ್ತಾಯಿತು. ಇಷ್ಟು ದಿನವೂ ಇದ್ದಿರಬೇಕು. ಒಲೆ ಆರಿತ್ತು. ಅವಳು ಮಣೆಯಿಂದ ಏಳಲಿಲ್ಲ.

ಹಜಾರ ಖಾಲಿಯಾಗಿತ್ತು, ಒಬ್ಬರನ್ನು ಬಿಟ್ಟು. ಸಾಹೇಬರು ಕುರ್ಚಿಗಳನ್ನು ಒಂದೊಂದಾಗಿ ಗೋಡೆಗೆ ಸೇರಿಸುತ್ತಿದ್ದರು. ಕೊನೆಯ ಕುರ್ಚಿಯನ್ನು ಇಟ್ಟರು. ಅವರ ಹೆಜ್ಜೆ ಪರದೆಯ ಕಡೆ ಬಂತು. ಊಟದ ಹೊತ್ತಿಗೆ, ನಮಾಜಿನ ಹೊತ್ತಿಗೆ, ಸಿಟ್ಟಿನಲ್ಲಿ, ಜ್ವರದಲ್ಲಿ ಹದಿನೇಳು ವರ್ಷ ಬಂದ ಹಾಗೆಯೇ ಬಂತು. ಪರದೆಯ ಎದುರಿಗೆ ನಿಂತಿತು. ಪರದೆ ಸರಿಯಲಿಲ್ಲ. ಆಚೆ ಅವರು ನಿಂತೇ ಇದ್ದರು. ಆಮೇಲೆ ಜಿಯಾಉದ್ದೀನ್ ಸಾಹೇಬರು ಕೆಮ್ಮಿದರು.

ಜಮೀಲುನ್ನೀಸಾಳ ಬಲಗೈ ಸೆರಗಿಗೆ ಹೋಯಿತು.